ನಂಬರ್ ಒನ್ ಹಾಡು: ಎಣಿಸಿದ್ದು ಯಾರು?

ಅಮೆರಿಕದ ಕಂಟ್ರಿ ಸಂಗೀತ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು ಅಗಲ ಟೋಪಿ, ಬೂಟು, ಗಿಟಾರು ಮತ್ತು ಒಬ್ಬ ಬಿಳಿಯ ಗಾಯಕ. ಆದರೆ ಆ ಸಂಗೀತದ ಗುರುತೇ ಆಗಿರುವ ಬ್ಯಾಂಜೊ, ಗುಲಾಮರಾಗಿ ಬಂದ ಆಫ್ರಿಕನ್ನರ ವಾದ್ಯ. ಹಾಗಿದ್ದರೆ ಟೋಪಿಯ ಕೆಳಗೆ ಬಿಳಿಯ ಮುಖವೇ ಉಳಿದದ್ದು ಹೇಗೆ? ಈ ಪ್ರಶ್ನೆ ಹಿಡಿದು ನಾವು ಎಂಬತ್ತು ವರ್ಷಗಳ ಹಿಟ್ ಪಟ್ಟಿಗಳನ್ನು ನೋಡಿದೆವು. ಪಟ್ಟಿಯ ತುದಿಯಲ್ಲಿ ಯಾರಿದ್ದಾರೆ ಎಂಬುದು, ಎಣಿಸಿದ ವಿಧಾನ ಬದಲಾದಾಗಲೆಲ್ಲ ಬದಲಾಗಿದೆ.

ಬಿಲ್‌ಬೋರ್ಡ್ ವಾರಪತ್ರಿಕೆ ಇಂಥ ಹಾಡುಗಳಿಗೆಂದೇ ಪಟ್ಟಿ ಶುರು ಮಾಡಿದ್ದು 1944ರ ಜನವರಿಯಲ್ಲಿ. ಆಗ ಅದರ ಹೆಸರಿನಲ್ಲಿ 'ಕಂಟ್ರಿ' ಇರಲಿಲ್ಲ, 'ಜನಪದ' ಎಂದಿತ್ತು. ಎಣಿಸುತ್ತಿದ್ದುದು ಜೂಕ್‌ಬಾಕ್ಸ್, ಅಂದರೆ ಹೋಟೆಲು, ಬಾರುಗಳಲ್ಲಿ ಕಾಸು ಹಾಕಿದರೆ ಹಾಡುವ ಪೆಟ್ಟಿಗೆಗಳ ಲೆಕ್ಕ. ಮೊದಲ ವಾರ ತುದಿಯಲ್ಲಿದ್ದದ್ದು 'ಪಿಸ್ಟಲ್ ಪ್ಯಾಕಿನ್ ಮಾಮಾ'. ಹಾಡು ಕಟ್ಟಿದವರು ಟೆಕ್ಸಾಸಿನ ಆಲ್ ಡೆಕ್ಸ್ಟರ್; ಪಟ್ಟಿಯಲ್ಲಿ ಮೊದಲು ಗೆದ್ದದ್ದು ಸಿನಿಮಾ ತಾರೆ ಬಿಂಗ್ ಕ್ರಾಸ್ಬಿ ಆ್ಯಂಡ್ರೂಸ್ ಸೋದರಿಯರ ಜೊತೆ ಹಾಡಿದ ರೆಕಾರ್ಡು. ಅದೇ ವರ್ಷ ನ್ಯಾಟ್ ಕಿಂಗ್ ಕೋಲ್ ಮತ್ತು ಲೂಯಿ ಜೋರ್ಡನ್ ಎಂಬ ಇಬ್ಬರು ಕಪ್ಪು ಕಲಾವಿದರೂ ಈ ಪಟ್ಟಿಯ ತುದಿಗೇರಿದರು. ಪೆಟ್ಟಿಗೆಗೆ ಬೀಳುವ ಕಾಸಿಗೆ ಹಾಡಿದವರ ಮೈಬಣ್ಣ ಗೊತ್ತಾಗುವುದಿಲ್ಲವಲ್ಲ.

1948ರಲ್ಲಿ ಅಂಗಡಿ ಮಾರಾಟದ ಪಟ್ಟಿ ಸೇರಿತು, ಮರುವರ್ಷ ರೇಡಿಯೊ ನಿರೂಪಕರು ಹಾಕುವ ಹಾಡುಗಳ ಪಟ್ಟಿ. ಒಂದೇ ವಾರ ಮೂರು ಲೆಕ್ಕ. ಈ ವ್ಯವಸ್ಥೆಯಿಂದ ಒಬ್ಬ ಹೆಣ್ಣುಮಗಳಿಗೆ ಅನುಕೂಲವಾಯಿತು. 1952ರಲ್ಲಿ ಹ್ಯಾಂಕ್ ಥಾಂಪ್ಸನ್ ಅವರ 'ದ ವೈಲ್ಡ್ ಸೈಡ್ ಆಫ್ ಲೈಫ್' ದಾರಿ ತಪ್ಪಿದ ಹೆಂಗಸನ್ನು ದೂರುತ್ತ 15 ವಾರ ತುದಿಯಲ್ಲಿತ್ತು. ತಪ್ಪು ಗಂಡಸರದ್ದೂ ಇದೆ ಎಂದು ಕಿಟ್ಟಿ ವೆಲ್ಸ್ ಉತ್ತರದ ಹಾಡು ಹಾಡಿದರು. ಎನ್‌ಬಿಸಿ ರೇಡಿಯೊ ಅದನ್ನು ನಿಷೇಧಿಸಿತು. ಜನ ರೆಕಾರ್ಡು ಕೊಂಡರು. ಒಂಟಿಯಾಗಿ ಹಾಡಿ ಕಂಟ್ರಿ ಪಟ್ಟಿಯ ತುದಿಗೇರಿದ ಮೊದಲ ಮಹಿಳೆ ಕಿಟ್ಟಿ ವೆಲ್ಸ್.

1958ರಲ್ಲಿ ಪಟ್ಟಿಗಳನ್ನು ಸೇರಿಸಿ ಒಂದೇ ಮಾಡಿದರು. ಬರಬರುತ್ತ ಕಂಟ್ರಿ ರೇಡಿಯೊ ಕೇಂದ್ರಗಳ ಮಾತೇ ಹೆಚ್ಚು ನಡೆಯತೊಡಗಿತು. 1962ರಲ್ಲಿ ರೇ ಚಾರ್ಲ್ಸ್ ಕಂಟ್ರಿ ಹಾಡುಗಳದ್ದೇ ಒಂದು ಆಲ್ಬಂ ತಂದರು. ಅದರ 'ಐ ಕಾಂಟ್ ಸ್ಟಾಪ್ ಲವಿಂಗ್ ಯು' ದೇಶದ ಮುಖ್ಯ ಪಟ್ಟಿ ಹಾಟ್ 100ರಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಕಂಟ್ರಿ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಇದೇ ಹಾಡನ್ನು ಬರೆದ ಡಾನ್ ಗಿಬ್ಸನ್ 1958ರಲ್ಲಿ ತಾವೇ ಹಾಡಿದಾಗ ಅದು ಕಂಟ್ರಿ ಹಿಟ್ ಆಗಿತ್ತು. ಗಿಬ್ಸನ್ ಬಿಳಿಯರು, ಚಾರ್ಲ್ಸ್ ಕಪ್ಪು ಗಾಯಕ.

ಆ ಗೋಡೆ ದಾಟಿದವರು ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಬಂದ ಚಾರ್ಲಿ ಪ್ರೈಡ್. ರೆಕಾರ್ಡ್ ಕಂಪನಿ ಅವರ ಮೊದಮೊದಲ ಹಾಡುಗಳನ್ನು ಫೋಟೊ ಇಲ್ಲದೆಯೇ ರೇಡಿಯೊಗಳಿಗೆ ಕಳಿಸಿತ್ತು. 1969ರಲ್ಲಿ ಅವರು ತುದಿಗೇರಿದಾಗ, ಜೋರ್ಡನ್ ಗೆದ್ದು 25 ವರ್ಷ ಕಳೆದಿತ್ತು.

1980ರ ದಶಕದ ನಡುವಿನಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹಾಡು ನಂಬರ್ ಒನ್ ಆಗುತ್ತಿತ್ತು. ಕೇಂದ್ರಗಳು ತಾವೇ ವರದಿ ಕೊಡುತ್ತಿದ್ದ ಕಾಲ ಅದು. 1990ರ ಜನವರಿಯಿಂದ ಯಂತ್ರವೇ ರೇಡಿಯೊ ಕೇಳಿ ಎಣಿಸತೊಡಗಿತು. ಹಾಡುಗಳು ಮತ್ತೆ ಹಲವು ವಾರ ತುದಿಯಲ್ಲಿ ನಿಂತವು. 1991ರಲ್ಲಿ ಅಂಗಡಿಗಳ ಬಾರ್‌ಕೋಡ್ ಲೆಕ್ಕ ಆಲ್ಬಂ ಪಟ್ಟಿಗೆ ಬಂತು. ಕೆಲವೇ ತಿಂಗಳಲ್ಲಿ ಗಾರ್ತ್ ಬ್ರೂಕ್ಸ್ ಅವರ 'ರೋಪಿನ್ ದ ವಿಂಡ್' ಇಡೀ ದೇಶದ ಪಟ್ಟಿಗೆ ನೇರ ಮೊದಲ ಸ್ಥಾನದಲ್ಲೇ ಕಾಲಿಟ್ಟಿತು. ಕಂಟ್ರಿ ಆಲ್ಬಮ್ಮೊಂದು ಹಾಗೆ ಬಂದದ್ದು ಅದೇ ಮೊದಲು.

2012ರಲ್ಲಿ ಡೌನ್‌ಲೋಡ್ ಮತ್ತು ಸ್ಟ್ರೀಮಿಂಗ್ ಲೆಕ್ಕವೂ ಕಂಟ್ರಿ ಪಟ್ಟಿಗೆ ಸೇರಿತು. ರೇಡಿಯೊಗೆ ಬೇರೆ ಪಟ್ಟಿ ಮಾಡಿದರು. ಆದರೂ ಕದ ಕಾಯುವವರು ಹೋಗಲಿಲ್ಲ. 2019ರಲ್ಲಿ ಲಿಲ್ ನ್ಯಾಸ್ ಎಕ್ಸ್ ಎಂಬ ಕಪ್ಪು ಯುವಕನ 'ಓಲ್ಡ್ ಟೌನ್ ರೋಡ್' ಕಂಟ್ರಿ ಪಟ್ಟಿಯಲ್ಲಿ 19ನೇ ಸ್ಥಾನಕ್ಕೆ ಬಂದಿತ್ತು. ಇಂದಿನ ಕಂಟ್ರಿಯ ಲಕ್ಷಣ ಅದರಲ್ಲಿ ಸಾಲದು ಎಂದು ಬಿಲ್‌ಬೋರ್ಡ್ ಅದನ್ನು ತೆಗೆದುಹಾಕಿತು. ಹಾಡು ಹಾಟ್ 100ರಲ್ಲಿ 19 ವಾರ ಮೊದಲ ಸ್ಥಾನದಲ್ಲಿದ್ದು ಅಂದಿನ ದಾಖಲೆ ಮುರಿಯಿತು.

2024ರ ಫೆಬ್ರುವರಿಯಲ್ಲಿ ಬಿಯಾನ್ಸೆ ಅವರ 'ಟೆಕ್ಸಾಸ್ ಹೋಲ್ಡ್ ಎಮ್' ಮುಖ್ಯ ಕಂಟ್ರಿ ಪಟ್ಟಿಯ ತುದಿಗೇರಿತು. ಕಪ್ಪು ಮಹಿಳೆಯೊಬ್ಬರು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಕಂಟ್ರಿ ರೇಡಿಯೊ ಪಟ್ಟಿಯಲ್ಲಿ ಅದೇ ಹಾಡು 33ಕ್ಕಿಂತ ಮೇಲೆ ಹೋಗಲಿಲ್ಲ. ಅದೇ ವರ್ಷ ಕಪ್ಪು ಗಾಯಕ ಶಬೂಜಿ ಅವರ 'ಎ ಬಾರ್ ಸಾಂಗ್' ಎರಡೂ ಪಟ್ಟಿಗಳನ್ನು ಗೆದ್ದಿತು. ರೇಡಿಯೊ ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತು.

ಜನ ಏನು ಕೇಳುತ್ತಾರೆ ಎಂಬುದಕ್ಕೆ ಪಟ್ಟಿಯೇ ಸಾಕ್ಷಿ ಎನ್ನುತ್ತಾರೆ. ಜನ ಕೇಳಿದ್ದರಲ್ಲಿ ಯಾವುದನ್ನು ಎಣಿಸಿದರು ಎಂಬುದಕ್ಕಷ್ಟೇ ಅದು ಸಾಕ್ಷಿ. ಅಂಕಿ ಹಿಡಿದು ಸುದ್ದಿ ಬರೆಯುವ ನಾವು, ಮೊತ್ತ ನೋಡುವ ಮೊದಲು ಲೆಕ್ಕದಿಂದ ಹೊರಗುಳಿದವರು ಯಾರೆಂದು ಕೇಳಬೇಕು.