ಕವಾಟ ಬದಲಾದ ಮೇಲೆ

ಬೆಳಕವಾಡಿಯ ಒಂದು ಮನೆಯ ಪಡಸಾಲೆಯಲ್ಲಿ ನಮ್ಮ ಸಂವಾದ ಕಾರ್ಯಕ್ರಮದ ಚಿತ್ರೀಕರಣ ನಡೆದಿತ್ತು. ಸದ್ದಾಗಬಾರದೆಂದು ಫ್ಯಾನು ಆರಿಸಿ, ಇಪ್ಪತ್ತಾರರ ಹೆಣ್ಣುಮಗಳೊಬ್ಬಳ ಸೆರಗಿಗೆ ಪುಟ್ಟ ಮೈಕು ಸಿಕ್ಕಿಸಿದ್ದೆವು. ನಮ್ಮ ಧ್ವನಿಮುದ್ರಕರು ಕಿವಿಯ ಹೆಡ್‌ಫೋನು ಒತ್ತಿ ಹಿಡಿದು, "ಗಡಿಯಾರ ಕಟ್ಟಿರುವವರು ದಯವಿಟ್ಟು ಬಿಚ್ಚಿಡಿ" ಎಂದರು. ಯಾರ ಕೈಯಲ್ಲೂ ಗಡಿಯಾರವಿರಲಿಲ್ಲ. ಆಕೆ ನಾಚಿಕೊಂಡು, "ಅದು ನನ್ನೊಳಗಿಂದು ಸಾ" ಎಂದಳು. ಮೂರು ವರ್ಷದ ಹಿಂದೆ ಹೃದಯದಲ್ಲಿ ಕೂರಿಸಿದ ಲೋಹದ ಕವಾಟದ ಟಿಕ್ ಟಿಕ್ ಅದು.

ಮಾತಿನ ನಡುವೆ ಆಕೆಯ ತಾಯಿ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. "ಆಪರೇಸನ್ ಆಯ್ತಲ್ಲ, ರಿಪೇರಿ ಆದ್ಮೇಲೂ ಮಾತ್ರೆ ಯಾಕೆ ಸಾ?" ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಗಂಡಿನ ಕಡೆಯವರ ಕಣ್ಣಿಗೆ ಬೀಳದಿರಲೆಂದು ಮಾತ್ರೆಯ ಡಬ್ಬಿ ಅಟ್ಟ ಸೇರಿ ನಾಲ್ಕು ದಿನವಾಗಿತ್ತು. ನಾವು ಕ್ಯಾಮರಾ ನಿಲ್ಲಿಸಿ ಮೊದಲು ಆಕೆಯ ವೈದ್ಯರಿಗೆ ಫೋನು ಮಾಡಿದೆವು.

ಓದುಗರೇ, ಹೃದಯದ ಕವಾಟವೆಂದರೆ ನಿಮ್ಮ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಇದ್ದಂತೆ. ಹರಿವನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ನಮ್ಮ ನಾಡಿನಲ್ಲಿ ಎಳೆಯರ ಕವಾಟ ಕೆಡಲು ಮುಖ್ಯ ಕಾರಣ ಬಾಲ್ಯದ ಗಂಟಲು ಬೇನೆಯ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ. ಕೀಲು ಊದಿ ಇಳಿಯುತ್ತದೆ, ಮನೆಯವರು ಮರೆಯುತ್ತಾರೆ. ಹೃದಯ ಮರೆಯುವುದಿಲ್ಲ. ಕವಾಟದ ಎಸಳುಗಳು ದಪ್ಪವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹತ್ತು ಹದಿನೈದು ವರ್ಷ ಕಳೆದು ಬಿಂದಿಗೆ ಎತ್ತುವಾಗ ಏದುಸಿರು ಬರುತ್ತದೆ. ಜ್ವರ ಬಂದವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟರೆ ಕವಾಟಕ್ಕೆ ಮತ್ತೆ ಪೆಟ್ಟು ಬೀಳುವುದನ್ನು ತಡೆಯಬಹುದು.

ಇಂಥ ಕವಾಟಕ್ಕೆ ಕೈಹಾಕಿದವರ ಚರಿತ್ರೆ ಸಾವುಗಳಿಂದಲೇ ಆರಂಭವಾಗುತ್ತದೆ. 1923ರಲ್ಲಿ ಬಾಸ್ಟನ್ನಿನ ಎಲಿಯಟ್ ಕಟ್ಲರ್ ಒಬ್ಬ ಬಾಲಕಿಯ ಕವಾಟವನ್ನು ಸಣ್ಣ ಚಾಕುವಿನಿಂದ ಬಿಡಿಸಿದರು. ಆಕೆ ಕೆಲವು ವರ್ಷ ಬದುಕಿದಳು. ಆಮೇಲಿನವರಲ್ಲಿ ಬಹುತೇಕರು ಉಳಿಯಲಿಲ್ಲ, ಅವರು ಆ ಕೆಲಸವನ್ನೇ ಕೈಬಿಟ್ಟರು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಹೃದಯದೊಳಗೆ ಬೆರಳನ್ನೇ ತೂರಿಸಿ ಕವಾಟ ಅಗಲಿಸಿದರು. ಯುವತಿ ಚೇತರಿಸಿಕೊಂಡಳು. ಆದರೂ ವೈದ್ಯರು ಅವರ ಬಳಿಗೆ ಇನ್ನೊಬ್ಬ ರೋಗಿಯನ್ನು ಕಳುಹಿಸಲಿಲ್ಲ. 1948ರ ಜೂನ್ 10ರಂದು ಫಿಲಡೆಲ್ಫಿಯಾದ ಚಾರ್ಲ್ಸ್ ಬೇಲಿ ಬೆಳಿಗ್ಗೆ ಒಂದು ಆಸ್ಪತ್ರೆಯಲ್ಲಿ ರೋಗಿಯನ್ನು ಕಳೆದುಕೊಂಡರು. ಸುದ್ದಿ ಹರಡಿ ಯಾರಾದರೂ ತಡೆಯುವ ಮೊದಲೇ ಮಧ್ಯಾಹ್ನ ಇನ್ನೊಂದು ಆಸ್ಪತ್ರೆಗೆ ಹೋಗಿ ಎರಡನೆಯ ರೋಗಿಯನ್ನು ಉಳಿಸಿದರು. ಆ ಮಧ್ಯಾಹ್ನವನ್ನು ಧೈರ್ಯವೆನ್ನಬೇಕೋ ಹಠವೆನ್ನಬೇಕೋ ನಾನು ಇಂದಿಗೂ ತೀರ್ಮಾನಿಸಿಲ್ಲ.

1953ರಲ್ಲಿ ಗಿಬ್ಬನ್ನರ ಹೃದಯ-ಶ್ವಾಸಕೋಶ ಯಂತ್ರ ರೋಗಿಯ ಮೇಲೆ ಯಶಸ್ವಿಯಾದ ಮೇಲೆ, ಹೃದಯ ನಿಲ್ಲಿಸಿ ಕವಾಟವನ್ನೇ ಬದಲಿಸುವ ದಾರಿ ತೆರೆಯಿತು. ಆಗ ಆಲ್ಬರ್ಟ್ ಸ್ಟಾರ್ ಎಂಬ ಶಸ್ತ್ರವೈದ್ಯರ ಜೊತೆಗೂಡಿದವರು ವೈದ್ಯರಲ್ಲ, ಲೋವೆಲ್ ಎಡ್ವರ್ಡ್ಸ್ ಎಂಬ ನಿವೃತ್ತ ಇಂಜಿನಿಯರು. ದ್ರವಗಳ ಒತ್ತಡ, ಪಂಪುಗಳು ಅವರ ವಿದ್ಯೆ. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದ ನೆಲದ ನೆರೆಯವರಿಗೆ ಈ ಜೋಡಿ ವಿಚಿತ್ರವೆನಿಸಲಾರದು. ಪಂಜರದೊಳಗೆ ಒಂದು ಚೆಂಡು, ಅದೇ ಅವರ ಕವಾಟ. 1960ರಲ್ಲಿ ಅದನ್ನು ಪಡೆದ ಮೊದಲ ರೋಗಿ ಗಂಟೆಗಳೊಳಗೆ ತೀರಿಕೊಂಡರು. ಹೃದಯದಲ್ಲಿ ಉಳಿದಿದ್ದ ಗಾಳಿ, ಮಗ್ಗುಲು ಬದಲಿಸಿದಾಗ ಮಿದುಳಿಗೆ ಏರಿತ್ತು. ಎರಡನೆಯವರು ಸುಮಾರು ಹತ್ತು ವರ್ಷ ಬದುಕಿ, ಏಣಿಯಿಂದ ಬಿದ್ದು ಸತ್ತರು.

ಮೇಜಿನ ಮೇಲಿನ ಅಪಾಯ ಅಲ್ಲಿಂದ ಕಡಿಮೆಯಾಗುತ್ತಲೇ ಬಂತು. ಇಂದು ಒಂದೇ ಕವಾಟ ಬದಲಿಸುವ ಯೋಜಿತ ಶಸ್ತ್ರಚಿಕಿತ್ಸೆಯಲ್ಲಿ ಸಾಯುವವರು ನೂರಕ್ಕೆ ಕೆಲವರು ಮಾತ್ರ. ವಯಸ್ಸಾಗಿದ್ದರೆ, ಮೂತ್ರಪಿಂಡ ಸೋತಿದ್ದರೆ, ತೀರ ತಡವಾಗಿ ಬಂದಿದ್ದರೆ ಈ ಲೆಕ್ಕ ಏರುತ್ತದೆ. ರಕ್ತಸ್ರಾವ, ಪಾರ್ಶ್ವವಾಯು, ಹೃದಯದ ಬಡಿತ ತಪ್ಪಿ ಪೇಸ್‌ಮೇಕರ್ ಬೇಕಾಗುವುದು, ಹೊಲಿಗೆಯ ಸುತ್ತ ಸೋರುವುದು, ಇವೂ ಉಂಟು. ಸಹಿ ಹಾಕುವ ಮೊದಲು ಕೇಳಿ ತಿಳಿದುಕೊಳ್ಳಿ.

ಆದರೆ ಕವಾಟವೇ ಮುರಿದರೆ? ಬ್ಯೋರ್ಕ್-ಶೈಲಿ ಎಂಬ ಓಲುಬಿಲ್ಲೆಯ ಕವಾಟದ ಒಂದು ಮಾದರಿ 1979ರಲ್ಲಿ ಬಂತು. ಜಗತ್ತಿನಲ್ಲಿ ಸುಮಾರು 86 ಸಾವಿರ ಜನರಿಗೆ ಕೂರಿಸಲಾಯಿತು. ಬಿಲ್ಲೆಯನ್ನು ಹಿಡಿದಿಡುವ ಬೆಸುಗೆಯ ಕಂಬಿ ಕೆಲವರ ಎದೆಯೊಳಗೇ ಮುರಿಯಿತು, ನೂರಾರು ಜನ ಸತ್ತರು. 1986ರಲ್ಲಿ ಅದು ಮಾರುಕಟ್ಟೆಯಿಂದ ಹೊರಬಿತ್ತು.

ಅದೇ ಕಾಲದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ಸಂಗಡಿಗರು ಭಾರತದ್ದೇ ಕವಾಟ ತಯಾರಿಸುತ್ತಿದ್ದರು. ಆಮದಿನ ಕವಾಟ ನಮ್ಮ ಬಡವರ ಕೈಗೆ ಎಟುಕುತ್ತಿರಲಿಲ್ಲ. ಅವರ ಮೊದಲ ಮಾದರಿಯ ಬೆಸುಗೆಯ ಕಂಬಿಯೂ ಮುರಿಯಿತು, ಆದರೆ ಪರೀಕ್ಷಾ ಯಂತ್ರದಲ್ಲಿ. ಎರಡನೆಯದು ಸವೆಯಿತು. ಮೂರನೆಯದರ ನೀಲಮಣಿಯ ಬಿಲ್ಲೆ ಕುರಿಯೊಂದರ ಹೃದಯದಲ್ಲಿ ಒಡೆಯಿತು. ನಾಲ್ಕನೆಯದಕ್ಕೆ ಗಟ್ಟಿ ಪಾಲಿಥೀನಿನ ಬಿಲ್ಲೆ ಹಾಕಿದರು. ಅದನ್ನು ಮನುಷ್ಯರಿಗೆ ಮೊದಲು ಕೂರಿಸಿದ್ದು 1990ರ ಡಿಸೆಂಬರ್ 6ರಂದು. ಟಿಟಿಕೆ ಚಿತ್ರಾ ಎಂಬ ಹೆಸರಿನಲ್ಲಿ ಅದು ಇದುವರೆಗೆ ಲಕ್ಷಕ್ಕೂ ಹೆಚ್ಚು ಜನರ ಎದೆ ಸೇರಿದೆ. ಎದೆಯೊಳಗೆ ಮುರಿಯಬೇಕಾದದ್ದು ಪ್ರಯೋಗಶಾಲೆಯಲ್ಲಿ ಮುರಿಯಿತಲ್ಲ, ಆ ಸೋಲುಗಳ ಬೆಲೆ ನಮಗೆ ಇನ್ನೂ ಸರಿಯಾಗಿ ತಿಳಿದಿಲ್ಲವೆಂದೇ ನನ್ನ ಅನಿಸಿಕೆ. ವಲಿಯತ್ತಾನರು 1993ರಲ್ಲಿ ನಮ್ಮ ಮಣಿಪಾಲಕ್ಕೆ ಉಪಕುಲಪತಿಯಾಗಿ ಬಂದು, 2024ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಲೋಹದ ಕವಾಟ ಎಷ್ಟೇ ಗಟ್ಟಿಯಾಗಿರಲಿ, ರಕ್ತದ ಪಾಲಿಗೆ ಅದು ಹೊರಗಿನ ವಸ್ತು. ಮುಟ್ಟಿದಲ್ಲಿ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪು ಕೂತರೆ ಬಿಲ್ಲೆ ಅಲುಗದೆ ನಿಲ್ಲುತ್ತದೆ. ಚೂರಾಗಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಇದನ್ನು ತಡೆಯುವ ಮಾತ್ರೆಗಳ ಮೂಲ ದನದ ಕೊಟ್ಟಿಗೆಯಲ್ಲಿದೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಕೆಟ್ಟ ಮೇವು ತಿಂದ ದನಗಳು ರಕ್ತ ಸೋರಿ ಸತ್ತವು. ಆ ಮೇವಿನ ಜಾಡು ಹಿಡಿದ ವಿಸ್ಕಾನ್ಸಿನ್ನಿನ ಕಾರ್ಲ್ ಪಾಲ್ ಲಿಂಕರ ಪ್ರಯೋಗಶಾಲೆಯಿಂದ ವಾರ್ಫರಿನ್ ಹುಟ್ಟಿತು. 1948ರಲ್ಲಿ ಇಲಿಪಾಷಾಣವಾಗಿ ಮಾರಾಟಕ್ಕೆ ಬಂದದ್ದು 1954ರಲ್ಲಿ ಮನುಷ್ಯರ ಔಷಧಿಯಾಯಿತು. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಅದಕ್ಕೇ ಐಎನ್‌ಆರ್ ಎಂಬ ರಕ್ತಪರೀಕ್ಷೆ. ಮೈಟ್ರಲ್ ಜಾಗದ ಲೋಹದ ಕವಾಟಕ್ಕೆ ಸಾಮಾನ್ಯವಾಗಿ ಅದು ಎರಡೂವರೆಯಿಂದ ಮೂರೂವರೆಯೊಳಗೆ ನಿಲ್ಲಬೇಕು.

ಮಂಡ್ಯದ ಕಡೆಯವರಿಗೆ ಇಲ್ಲೊಂದು ತೊಡಕು ಉಂಟು. ಸೊಪ್ಪಿನ ಕೆ ಜೀವಸತ್ವ ಈ ಮಾತ್ರೆಯ ಬಲ ಕುಗ್ಗಿಸುತ್ತದೆ. ಹಾಗೆಂದು ಬಸ್ಸಾರು ಬಿಡಬೇಕಿಲ್ಲ. ಒಂದು ವಾರ ದಿನವೂ, ಇನ್ನೊಂದು ವಾರ ಇಲ್ಲವೇ ಇಲ್ಲ ಎಂದಾಗಬಾರದು, ಅಷ್ಟೆ. ಮೈಕೈ ನೋವೆಂದು ಅಂಗಡಿಯ ಮಾತ್ರೆ ನುಂಗಬಾರದು. ಹಲ್ಲು ಕೀಳಿಸುವ ಮುನ್ನ ಕವಾಟದ ವಿಷಯ ಹೇಳಲೇಬೇಕು, ಬಾಯಿಯ ಕ್ರಿಮಿ ರಕ್ತದ ಮೂಲಕ ಕವಾಟದಲ್ಲಿ ಗೂಡು ಕಟ್ಟಬಲ್ಲದು.

ಪ್ರಾಣಿಯ ಅಂಗಾಂಶದ ಕವಾಟಕ್ಕೆ ಜೀವನಪೂರ್ತಿ ಈ ಮಾತ್ರೆ ಸಾಮಾನ್ಯವಾಗಿ ಬೇಡ. ಆದರೆ ಎಳೆಯರಲ್ಲಿ ಅದು ಬೇಗ ಸವೆದು ಎರಡನೆಯ ಶಸ್ತ್ರಚಿಕಿತ್ಸೆ ಕಾದಿರುತ್ತದೆ. ಮದುವೆಯಾಗುವ ಹೆಣ್ಣಿಗೆ ಆಯ್ಕೆ ಇನ್ನೂ ಕಠಿಣ. ವಾರ್ಫರಿನ್ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಕೆಡುಕು ಮಾಡಬಹುದು, ನಿಲ್ಲಿಸಿದರೆ ತಾಯಿಯ ಕವಾಟ ಕಟ್ಟಬಹುದು. ಗರ್ಭ ನಿಲ್ಲುವ ಮೊದಲೇ ಹೃದ್ರೋಗ ತಜ್ಞರು, ಪ್ರಸೂತಿ ತಜ್ಞರು ಇಬ್ಬರೂ ಕೂತು ಹೆಪಾರಿನ್ ಚುಚ್ಚುಮದ್ದಿನ ಲೆಕ್ಕ ಹಾಕಬೇಕಾಗುತ್ತದೆ.

ಸೋಮನಹಳ್ಳಿಯ ಎಸ್. ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2003ರಲ್ಲಿ, ಸಹಕಾರಿ ರೈತರಿಗೆ ಯಶಸ್ವಿನಿ ಬಂತು. ಮುಂದೆ ಬೇರೆ ಯೋಜನೆಗಳೂ ಬಂದವು. ಶಸ್ತ್ರಚಿಕಿತ್ಸೆಯ ಖರ್ಚಿಗೆ ಹೊಲ ಮಾರುವ ಸ್ಥಿತಿ ಎಷ್ಟೋ ಮನೆಗಳಲ್ಲಿ ತಪ್ಪಿತು. ಆದರೆ ಪರೀಕ್ಷೆಗೆ ಹೋಗುವ ಬಸ್ಸಿನ ಚಾರ್ಜು, ತಪ್ಪಿದ ಒಂದು ದಿನದ ಕೂಲಿ, ಅಟ್ಟ ಸೇರುವ ಡಬ್ಬಿ, ಇವು ಯಾವ ಯೋಜನೆಯ ಪಟ್ಟಿಯಲ್ಲಿಯೂ ಸಿಗುವುದಿಲ್ಲ.

ಅಂದು ವೈದ್ಯರು "ಈಗಲೇ ಕಳಿಸಿ" ಎಂದರು. ನಮ್ಮ ಚಿತ್ರೀಕರಣದ ವ್ಯಾನಿನಲ್ಲೇ ತಾಯಿ ಮಗಳನ್ನು ಮೈಸೂರಿಗೆ ಕರೆದೊಯ್ದೆವು. ಐಎನ್‌ಆರ್ ಒಂದೂಕಾಲಿಗೆ ಇಳಿದಿತ್ತು. ಕವಾಟದಲ್ಲಿ ಹೆಪ್ಪು ಕಾಣಲಿಲ್ಲ. ಎರಡು ವಾರದ ಮೇಲೆ ತಾಯಿಯೇ ಫೋನು ಮಾಡಿದರು: ಗಂಡಿನ ಕಡೆಯವರಿಗೆ ಎಲ್ಲ ಹೇಳಿದ್ದಾಗಿದೆ, ಅವರು ಯೋಚಿಸಿ ತಿಳಿಸುತ್ತೇವೆ ಎಂದಿದ್ದಾರೆ, ಡಬ್ಬಿ ಈಗ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಪಕ್ಕದಲ್ಲಿದೆ.