ಹೊದಿಕೆಯೂ ಲೇಪವೂ

ಶಿವಮೊಗ್ಗೆಯಿಂದ ಸಾಗರದ ದಿಕ್ಕಿಗೆ ಹೊರಟ ಹೆದ್ದಾರಿಯು ಬಯಲುನಾಡಿನ ಲಕ್ಷಣಗಳನ್ನು ಒಂದೊಂದಾಗಿ ಕಳಚುತ್ತ ಕಾಡಿನ ಸೆರಗನ್ನು ಮುಟ್ಟುವ ಎಡೆಯಲ್ಲಿ ಆಯನೂರು ಇದೆ. ಇಲ್ಲಿಂದ ಒಂದು ಕವಲು ರಿಪ್ಪನ್‌ಪೇಟೆ, ಹೊಸನಗರಗಳ ಕಡೆಗೂ ಮತ್ತೊಂದು ಕುಂಸಿ, ಆನಂದಪುರಗಳನ್ನು ಹಾದು ಸಾಗರದ ಕಡೆಗೂ ಸಾಗುತ್ತದೆ. ಅರೆಮಲೆನಾಡೆಂದು ಕರೆಯಲ್ಪಡುವ ಈ ಪ್ರದೇಶದ ವಿಶೇಷವೇನೆಂದರೆ, ಚೈತ್ರ ವೈಶಾಖಗಳಲ್ಲಿ ಬಯಲುಸೀಮೆಯ ಬಿಸಿಲೂ ಆಷಾಢ ಶ್ರಾವಣಗಳಲ್ಲಿ ಘಟ್ಟದ ಮಳೆಯೂ ಒಂದೇ ಅಂಗಳಕ್ಕೆ ಬಂದು ಇಳಿಯುವುದು. ಆದಕಾರಣ ಮನೆಯ ಹೊರಗೆ ನಿಲ್ಲಿಸಿದ ಯಾವ ವಾಹನವೇ ಆಗಲಿ, ಅದರ ಮೈಬಣ್ಣವು ಅರ್ಧವರ್ಷ ಒಣಗಿ ಬಿರಿಯುವ, ಉಳಿದರ್ಧ ನೆನೆದು ಕೊಳೆಯುವ ಇಬ್ಬಗೆಯ ಪರೀಕ್ಷೆಗೆ ಇಲ್ಲಿ ಗುರಿಯಾಗಿಯೇ ತೀರುತ್ತದೆ. ಇದನ್ನು ಅಲ್ಪವಿಷಯವೆಂದು ಎಣಿಸುವವರು ಉಂಟು. ನನಗಾದರೋ, ಒಂದು ನಾಡಿನ ಜನ ತಮ್ಮ ವಸ್ತುಗಳನ್ನು ಬಿಸಿಲು ಮಳೆಗಳಿಂದ ಹೇಗೆ ಕಾಪಾಡಿಕೊಂಡರೆಂಬುದು ಅವರ ಅರಮನೆ ಕೋಟೆಗಳ ಕಥೆಗಿಂತ ಕಡಮೆಯಾದ ಇತಿಹಾಸವೆಂದು ತೋರುವುದಿಲ್ಲ.

ಮಲೆನಾಡಿನಲ್ಲಿ ಗಾಡಿಯೇ ಬಹಳ ಹಳೆಯದಲ್ಲ. ಮಾರ್ಕ್ ಕಬ್ಬನ್ನನು 1834ರಿಂದ 1861ರ ಪರ್ಯಂತ ಮೈಸೂರು ಸಂಸ್ಥಾನದ ಕಮಿಷನರಾಗಿದ್ದ ಕಾಲದಲ್ಲಿ ರಸ್ತೆಗಳೂ ಘಟ್ಟದ ದಾರಿಗಳೂ ಕಡಿಯಲ್ಪಡುವವರೆಗೆ, ಇಲ್ಲಿನ ಅಡಿಕೆಯೂ ಮೆಣಸೂ ಹೇರೆತ್ತುಗಳ ಬೆನ್ನಮೇಲೆಯೇ ಘಟ್ಟವನ್ನು ಇಳಿಯುತ್ತಿದ್ದುವು. ರಸ್ತೆಯ ಹಿಂದೆಯೇ ಗಾಡಿ ಬಂದಿತು. ಗಾಡಿಯ ಹಿಂದೆಯೇ, ಅದನ್ನು ಮಳೆಗಾಲದಲ್ಲಿ ಎಲ್ಲಿ ನಿಲ್ಲಿಸಬೇಕೆಂಬ ಚಿಂತೆಯೂ ಬಂದಿತು. ಮತ್ತಿ, ಹೊನ್ನೆ, ಸಾಗುವಾನಿಗಳಂಥ ಗಟ್ಟಿ ಮರವಾದರೂ ನಾಲ್ಕು ತಿಂಗಳು ನೆನೆದು ಎಂಟು ತಿಂಗಳು ಕಾದರೆ ಗುಂಬ ಸೀಳುತ್ತದೆ, ಅರೆಕಾಲು ಸಡಿಲವಾಗುತ್ತದೆ, ಚಕ್ರಕ್ಕೆ ತೊಡಿಸಿದ ಕಬ್ಬಿಣದ ಪಟ್ಟಿ ಕಳಚಿಕೊಳ್ಳುತ್ತದೆ. ಇದಕ್ಕೆ ಮಲೆನಾಡಿನ ಒಕ್ಕಲಿಗನು ಕಂಡುಕೊಂಡ ಉಪಾಯಗಳು ಎರಡು. ಮೊದಲನೆಯದು ಹೊದಿಕೆ: ಅಡಿಕೆಮರದ ಕಂಬ, ಅಡಿಕೆಯ ದಬ್ಬೆ, ಅಡಿಕೆಯ ಸೋಗೆ, ಇಷ್ಟರಿಂದಲೇ ಎತ್ತಿದ ಮಾಡು. ಎರಡನೆಯದು ಲೇಪ: ಹೊಂಗೆಯೆಣ್ಣೆಯನ್ನೋ, ಗೆದ್ದಲೂ ಹತ್ತಿರ ಸುಳಿಯದ ಗೇರುಸಿಪ್ಪೆಯ ಎಣ್ಣೆಯನ್ನೋ ಮರಕ್ಕೆ ಕುಡಿಸುವುದು. ಇವೆರಡರಲ್ಲಿ ಹೊದಿಕೆಯನ್ನೇ ಪ್ರಧಾನವಾಗಿಯೂ ಲೇಪವನ್ನು ಅದಕ್ಕೆ ಸಹಾಯಕವಾಗಿಯೂ ಅವನು ಇಟ್ಟುಕೊಂಡಿದ್ದನೆಂಬುದು ಇಲ್ಲಿ ಮುಖ್ಯವಾಗಿ ನೋಡತಕ್ಕ ಅಂಶ.

ಹೊದಿಕೆಯ ಈ ಪ್ರಾಧಾನ್ಯವು ಗಾಡಿಗೆ ಮಾತ್ರ ಮೀಸಲಾಗಿರಲಿಲ್ಲ. ಮಣ್ಣಿನ ಗೋಡೆಗೆ ಎರಚಲು ಬಡಿಯದಂತೆ ಜಗಲಿಯ ಹೊರಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಉಳುವ ಮನುಷ್ಯನ ಬೆನ್ನಿಗೆ ಗೊರಬು, ದಾರಿ ನಡೆಯುವವನ ತಲೆಗೆ ಕಂಬಳಿಕೊಪ್ಪೆ. ಜಾತ್ರೆ ಮುಗಿದು ಬಾವುಟಗಳೂ ಮೇಲಂತಸ್ತಿನ ಬಿದಿರೂ ಬಿಚ್ಚಲ್ಪಟ್ಟ ಬಳಿಕ, ಕೆತ್ತನೆಯ ವಿಗ್ರಹಗಳುಳ್ಳ ತೇರಿನ ಗಡ್ಡೆಯನ್ನು ಎಣ್ಣೆ ಹಚ್ಚಿ ತೇರಿನ ಮನೆಗೆ ನೂಕುತ್ತಿದ್ದರು. ಮನೆಯಿಲ್ಲದ ಊರಿನಲ್ಲಿ ಸೋಗೆಯನ್ನೋ, ಇತ್ತಲಾಗಿ ತಗಡನ್ನೋ ಸುತ್ತ ನಿಲ್ಲಿಸಿ ಕಾಪಾಡುತ್ತಿದ್ದರು. ಎಲ್ಲಕ್ಕಿಂತ ಸೂಕ್ಷ್ಮವಾದ ಹೊದಿಕೆಯೆಂದರೆ ಅಡಿಕೆಯ ಗೊನೆಗೇ ಕಟ್ಟುತ್ತಿದ್ದ ಕೊಟ್ಟೆ. ಕೊಳೆರೋಗವು ಮಳೆನೀರಿನೊಡನೆ ಬರುತ್ತದೆಂಬುದನ್ನು ಅನುಭವದಿಂದಲೇ ಅರಿತಿದ್ದ ತೋಟಿಗರು, ಮಳೆ ಹಿಡಿಯುವುದಕ್ಕೆ ಮುಂಚೆ ಮರ ಮರವನ್ನೂ ಹತ್ತಿ, ಅಡಿಕೆಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಒಂದೊಂದು ಗೊನೆಗೂ ಒಂದೊಂದು ಮುಸುಕನ್ನು ಕಟ್ಟುತ್ತಿದ್ದರು. ಅಷ್ಟು ಎತ್ತರದಲ್ಲಿ, ಅಷ್ಟು ಜಾರುವ ಮರದಲ್ಲಿ, ಅಷ್ಟು ನಾಜೂಕಾದ ಕೆಲಸವನ್ನು ಮಾಡಿದ ಕೈಗಳಿಗೆ ನಾವು ಸಲ್ಲಿಸಬೇಕಾದ ಗೌರವ ಇನ್ನೂ ಸಂದಿಲ್ಲ.

ಲೇಪವು ಹೊದಿಕೆಯನ್ನು ಪದಚ್ಯುತಗೊಳಿಸಿದ್ದೂ ಮಲೆನಾಡಿನಲ್ಲಿ ಮೊದಲು ಅಡಿಕೆಯ ತೋಟದಲ್ಲಿಯೇ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಕೂಲಂಕಷವಾಗಿ ಪರಿಶೀಲಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಪ್ರಚಾರಕ್ಕೆ ತಂದರು. ಮಲೆನಾಡಿನ ಮಳೆಗೆ ಆ ದ್ರಾವಣ ತೊಳೆದುಹೋಗದೆ ಕಾಯಿಯ ಮೈಗೆ ಅಂಟಿಕೊಂಡಿರಲೆಂದು ಅದರಲ್ಲಿ ರಾಳವನ್ನೂ ಕೂಡಿಸುತ್ತಿದ್ದರು. ರಾಳದ ತೆಳುಪೊರೆಯೊಂದು ಮಳೆಯನ್ನು ತಡೆದು, ತನ್ನೊಳಗಿನ ದ್ರವ್ಯವನ್ನು ಹಿಡಿದಿಡುವ ಈ ತತ್ತ್ವವೂ ಕಾರಿನ ಬಣ್ಣದ ತತ್ತ್ವವೂ ಬೇರೆಬೇರೆಯಲ್ಲ. ಕೋಲ್ಮನ್ನರ ಕ್ರಮದಿಂದ ತೋಟಗಳು ಉಳಿದುವು. ಅದು ನಿಸ್ಸಂಶಯವಾದ ಉಪಕಾರ. ಆದರೆ ಲೇಪವೊಂದಿದ್ದರೆ ಹೊದಿಕೆ ಬೇಡವೆಂಬ ವಿಶ್ವಾಸವೂ ಆ ಶತಮಾನದ ಗಾಳಿಯಲ್ಲಿ ಸೇರಿಕೊಂಡು, ತೋಟದಿಂದ ಬೀದಿಗೂ ಹರಡಿತು.

ಮೋಟಾರಿನ ಬಣ್ಣದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮೊದಮೊದಲ ಕಾರುಗಳನ್ನು ಕುದುರೆಗಾಡಿಗಳ ಬಣ್ಣಗಾರರೇ, ಕುದುರೆಗಾಡಿಗಳ ಕ್ರಮದಲ್ಲಿಯೇ ಬಳಿಯುತ್ತಿದ್ದರು: ಅಗಸೆಯೆಣ್ಣೆ, ಕೋಪಾಲ್ ರಾಳ, ಒಂದೊಂದು ಲೇಪ ಒಣಗುವವರೆಗೆ ಕಾಯುವುದು, ಉಜ್ಜಿ ನುಣುಪುಮಾಡುವುದು, ಮತ್ತೆ ಬಳಿಯುವುದು. ಒಂದು ಕಾರಿಗೆ ವಾರಗಳೇ ಹಿಡಿಯುತ್ತಿದ್ದುವು. ಇಂಥ ವಾರ್ನಿಷಿಗೆ ತಕ್ಕ ರಾಳವನ್ನು ಕೊಡುವ ಧೂಪದ ಮರ ನಮ್ಮ ಘಟ್ಟದ ಕಾಡುಗಳಲ್ಲಿಯೇ ಉಂಟೆಂಬುದನ್ನೂ, ಅದರ ಬಿಳಿಯ ರಾಳವನ್ನು ಹತ್ತೊಂಬತ್ತನೆಯ ಶತಮಾನದ ಸಸ್ಯಶಾಸ್ತ್ರಜ್ಞರು ಮೆಚ್ಚಿ ವರ್ಣಿಸಿದ್ದರೆಂಬುದನ್ನೂ ಸಂತೋಷದಿಂದ ನೆನೆಯಬಹುದು. ಕಾರುಗಳ ನಿರ್ಮಾಣ ಯಂತ್ರವೇಗಕ್ಕೆ ಏರಿದಾಗ ಬಣ್ಣದ ಒಣಗುವಿಕೆಯೊಂದೇ ಹಿಂದೆ ಬಿದ್ದಿತು. ಫೋರ್ಡನು ತನ್ನ ಕಾರುಗಳಿಗೆ ಬಹುಕಾಲ ಕಪ್ಪುಬಣ್ಣವೊಂದನ್ನೇ ಬಳಿಸಿದನು. ಬಳಿಕ ಡ್ಯುಪಾಂಟ್ ಕಂಪನಿಯ ಡ್ಯುಕೋ ಎಂಬ, ಗಂಟೆಗಳಲ್ಲಿ ಒಣಗುವ ನೈಟ್ರೊಸೆಲ್ಯುಲೋಸ್ ಲೇಪವು 1923ರಲ್ಲಿ ಅಮೆರಿಕದ ಓಕ್‌ಲ್ಯಾಂಡ್ ಕಾರುಗಳ ಮೇಲೆ ಕಾಣಿಸಿಕೊಂಡು ಆ ತೊಡಕನ್ನು ಬಿಡಿಸಿತು. ಅನಂತರ ಕೃತಕರಾಳಗಳ ಎನಾಮೆಲ್ಲುಗಳು ಬಂದುವು.

ನಮ್ಮ ಸಂಸ್ಥಾನವೂ ಈ ವಿದ್ಯೆಯಲ್ಲಿ ಹಿಂದುಳಿಯಲಿಲ್ಲ. ಜಾಲಾರಿ, ಮುತ್ತುಗಗಳಂಥ ಮರಗಳ ಮೇಲೆ ಕೀಟಗಳು ಕಟ್ಟುವ ಅರಗನ್ನು ಆಧಾರವಾಗಿಟ್ಟುಕೊಂಡು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ನಗರದಲ್ಲಿ ಅರಗು ಬಣ್ಣಗಳ ಕಾರ್ಖಾನೆಯೊಂದು ಸ್ಥಾಪಿತವಾಯಿತು. 1962ರ ಚುನಾವಣೆಯಿಂದ ಮೊದಲ್ಗೊಂಡು ಮತದಾರನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿರುವ ಸಂಸ್ಥೆಯೂ ಇದೇ. ಇತ್ತ ಭದ್ರಾವತಿಯಲ್ಲಿ 1923ರಲ್ಲಿ ಉರಿಯತೊಡಗಿದ ಕಬ್ಬಿಣದ ಕುಲುಮೆಗೆ ಬೇಕಾದ ಇದ್ದಲನ್ನು ಮಲೆನಾಡಿನ ಕಾಡುಮರದಿಂದ ತೆಗೆಯುವಾಗ, ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಡುವ ಹೊಗೆಯಿಂದ ಮರದ ಟಾರನ್ನೂ ಇತರ ರಾಸಾಯನಿಕಗಳನ್ನೂ ಬಟ್ಟಿ ಇಳಿಸುತ್ತಿದ್ದರು. ಕಬ್ಬಿಣದ ಕುಲುಮೆಯು ಬಣ್ಣಕ್ಕೆ ಶತ್ರುವೂ ಹೌದು: ಅದರ ಸುತ್ತಣ ಗಾಳಿಯಲ್ಲಿ ತೇಲುವ ಲೋಹದ ಸೂಕ್ಷ್ಮಕಣಗಳು ವಾಹನದ ಮೈಮೇಲೆ ಕುಳಿತು, ನೀರು ತಗುಲಿದೊಡನೆ ತುಕ್ಕುಹಿಡಿದು, ಬಿಳಿಯ ಕಾರಿನ ಮೇಲೆ ಕಂದುಚುಕ್ಕೆಗಳನ್ನು ಎಬ್ಬಿಸುತ್ತವೆ.

1940ರ ವೇಳೆಗೆ ರೈಲುದಾರಿ ತಾಳಗುಪ್ಪದವರೆಗೆ ಮುಟ್ಟಿತು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ತೊಡಗಿತು. ಆಯನೂರಿನ ರಸ್ತೆಯಲ್ಲಿ ಬಸ್ಸುಗಳೂ ಲಾರಿಗಳೂ ಹೆಚ್ಚಿದುವು. ಆದರೂ ಸ್ವಂತ ಕಾರು ಬಹುಕಾಲ ಅನುಕೂಲಸ್ಥರ ಮನೆಯ ವಸ್ತುವಾಗಿಯೇ ಉಳಿದು, ಅವರ ಗಾಡಿಯ ಕೊಟ್ಟಿಗೆಯೇ ಅದರ ಕೊಟ್ಟಿಗೆಯೂ ಆಯಿತು. 1957ರ ಅಂಬಾಸಿಡರಾಗಲಿ ಅದರ ಸಮಕಾಲೀನವಾದ ಫಿಯಟ್ಟಾಗಲಿ ಎತ್ತಿನ ಗಾಡಿಯ ಪಕ್ಕದಲ್ಲಿ, ಅದೇ ಹೆಂಚಿನ ಕೆಳಗೆ ನಿಲ್ಲುತ್ತಿದ್ದಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಆ ಹೆಂಚು ಘಟ್ಟ ಹತ್ತಿ ಸೋಗೆಯ ಸ್ಥಾನವನ್ನು ಮೆಲ್ಲಮೆಲ್ಲನೆ ಆಕ್ರಮಿಸಿದ್ದಿತಷ್ಟೆ. ನಿಜವಾದ ಬದಲಾವಣೆ 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲಿನದು. ಕಾರು ಮಧ್ಯಮವರ್ಗದ ಮನೆಗೆ ಇಳಿಯಿತು. ಆದರೆ ಆ ಮನೆಗೆ ಕೊಟ್ಟಿಗೆಯೂ ಇರಲಿಲ್ಲ, ಕೊಟ್ಟಿಗೆಗೆ ಬಿಡುವಷ್ಟು ನೆಲವೂ ಇರಲಿಲ್ಲ. ಕಾರು ಬೀದಿಯಲ್ಲಿ ನಿಂತಿತು.

ಬೀದಿಯಲ್ಲಿ ನಿಂತ ಕಾರಿನ ಬಣ್ಣವು, ತಗಡಿಗೆ ಅಂಟಿದ ತಳಲೇಪ ಮೊದಲ್ಗೊಂಡು ಮೇಲಣ ಪಾರದರ್ಶಕವಾದ ಪೊರೆಯವರೆಗೆ ಎಲ್ಲವೂ ಕೂಡಿ, ಸುಮಾರಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವಾಗಿರುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ರಾಳದ ಅಣುಸರಪಳಿಗಳನ್ನು ಕಡಿಯುತ್ತವೆ. ಹೊಳಪು ಮಾಸುತ್ತದೆ, ಹಳೆಯ ಎನಾಮೆಲ್ಲಾದರೆ ಕೈಗೆ ಸುಣ್ಣದಂಥ ಹುಡಿ ಹತ್ತುತ್ತದೆ. ಬಿಸಿಲಿಗೆ ಅಂಜಿ ಸಾಲುಮರದ ಕೆಳಗೆ ನಿಲ್ಲಿಸುವುದೇ ನಮ್ಮವರ ರೂಢಿ. ಆದರೆ ಮರದ ನೆರಳು ಮಾಡಿನ ನೆರಳಲ್ಲ. ಮಾವಿನ ಸೊನೆ, ಹಲಸಿನ ಅಂಟು, ನೇರಳೆಯ ಕಲೆ, ಆಲದ ಹಣ್ಣು ತಿಂದ ಹಕ್ಕಿ ಬಾವಲಿಗಳ ಹಿಕ್ಕೆ, ಇವೆಲ್ಲ ಬೀಳುವುದು ಅಲ್ಲಿಯೇ. ಹಕ್ಕಿಯ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವು, ಕಾದು ಮೆತ್ತಗಾದ ಪೊರೆಯನ್ನು ಕೊರೆದು ಅಳಿಯದ ಗುರುತನ್ನು ಉಳಿಸುತ್ತದೆ. ತೋಟದ ಅಂಚಿನಲ್ಲಿ ನಿಂತ ಕಾರಿಗೆ ಬೋರ್ಡೋ ದ್ರಾವಣದ ಹನಿಗಳೂ ಸಿಡಿದು, ನೀಲಿಛಾಯೆಯ ಸುಣ್ಣದ ಕಲೆಗಳಾಗಿ ಒಣಗುವುದುಂಟು.

ಇದಕ್ಕೆ ಇಂದು ಎಲ್ಲರೂ ಹಿಡಿದಿರುವ ಪರಿಹಾರವೆಂದರೆ ಪ್ಲಾಸ್ಟಿಕ್ಕಿನ ಮುಸುಕು. ಹಳಬರ ಹೊದಿಕೆಯನ್ನೇ ನಾವು ಪುನಃ ತಂದೆವೆಂದು ಮೇಲುನೋಟಕ್ಕೆ ತೋರಬಹುದು. ವಸ್ತುತಃ ಇದು ಅದಕ್ಕೆ ವಿರುದ್ಧವಾದುದು. ಸೋಗೆಯ ಮಾಡು ಗಾಡಿಯ ಮೈಯನ್ನು ಮುಟ್ಟುತ್ತಿರಲಿಲ್ಲ. ನಡುವೆ ಆಳೆತ್ತರದ ಗಾಳಿ ಇರುತ್ತಿತ್ತು, ನೆನೆದುದು ಆರುವುದಕ್ಕೆ ಅವಕಾಶವಿರುತ್ತಿತ್ತು. ಅಡಿಕೆಯ ಕೊಟ್ಟೆ ಕೂಡ ಕೆಳಗಡೆ ತೆರೆದೇ ಇರುತ್ತಿದ್ದಿತು. ಮೈಗಂಟಿದ ಪ್ಲಾಸ್ಟಿಕ್ಕಾದರೋ ಮಲೆನಾಡಿನ ಆರ್ದ್ರತೆಯನ್ನು ಒಳಗೇ ಸೆರೆಹಿಡಿದು, ಬಿಸಿಲು ಮೂಡಿದೊಡನೆ ಅದನ್ನು ಹಬೆಯಾಗಿಸಿ, ಬಣ್ಣದ ಪೊರೆಯಡಿಗೆ ನುಗ್ಗಿಸುತ್ತದೆ. ಗುಳ್ಳೆಗಳೂ ಮಸುಕಾದ ಬಿಳಿಮಚ್ಚೆಗಳೂ ಏಳುತ್ತವೆ. ಅದರ ಮೇಲೆ ಗಾಳಿಗೆ ಬಡಿದಾಡುವ ಮುಸುಕು, ತನಗೂ ಕಾರಿಗೂ ನಡುವೆ ಸಿಕ್ಕಿದ ಧೂಳಿನಿಂದ ಬಣ್ಣವನ್ನು ಉಜ್ಜುತ್ತಲೇ ಇರುತ್ತದೆ. ಧೂಳನ್ನು ಮೊದಲು ನೀರಿನಿಂದ ಇಳಿಸದೆ ಒಣಬಟ್ಟೆಯಿಂದ ಒರೆಸುವ ಅಭ್ಯಾಸದಿಂದಲೂ ಇದೇ ಅನರ್ಥ. ಆಯುಧಪೂಜೆಯ ದಿನ ಗಾಡಿಯನ್ನೂ ನೇಗಿಲನ್ನೂ ತೊಳೆದು, ಅಂಗುಲ ಅಂಗುಲವಾಗಿ ನೋಡಿ, ಬಿರಿದುದಕ್ಕೆ ಎಣ್ಣೆ ಕುಡಿಸುತ್ತಿದ್ದ ಪದ್ಧತಿ ಮಳೆಗಾಲದ ತರುವಾಯದ ಸರಿಯಾದ ಸಮಯದಲ್ಲಿಯೇ ಬರುತ್ತಿದ್ದಿತು. ಕಾರಿಗೂ ಆ ದಿನ ಕುಂಕುಮದ ಜತೆಗೆ ಅಂಥದೊಂದು ಪರೀಕ್ಷೆ, ಮೇಣದ ಒಂದು ಲೇಪ ಸಲ್ಲಬೇಕೆಂದು ನನ್ನ ಅಭಿಪ್ರಾಯ.

ಆಯನೂರಿನ ಸುತ್ತಿನ ಹಳ್ಳಿಗಳಲ್ಲಿ ಅಡಿಕೆಯ ತೋಟ ಇನ್ನೂ ಹಬ್ಬುತ್ತಲೇ ಇದೆ. ಕಂಬ, ದಬ್ಬೆ, ಸೋಗೆಗಳಿಗೆ ಬರವಿಲ್ಲ. ಅಂಗಳವುಳ್ಳವರು ಮೃಗಶಿರೆ ಹುಟ್ಟುವ ಮೊದಲೇ ಕಾರಿಗೊಂದು ಮಾಡನ್ನು ಎತ್ತಬಹುದು: ಮಳೆಗಾಳಿ ಬೀಸುವ ಪಡುವಣಕ್ಕೆ ಇಳಿಜಾರು ತಗ್ಗಾಗಿರಬೇಕು, ಆ ಬದಿಗೆ ಮಾತ್ರ ತಟ್ಟಿ ಕಟ್ಟಬೇಕು, ಮೂಡಣದ ಬದಿ ಗಾಳಿಗೆ ತೆರೆದಿರಬೇಕು, ಚಕ್ರದಡಿಯಲ್ಲಿ ನೀರು ನಿಲ್ಲದಂತೆ ಜಲ್ಲಿ ಹಾಸಿರಬೇಕು. ಸ್ವಾತಿಯ ಮಳೆ ಕಳೆದ ಮೇಲೆ ತಟ್ಟಿಯನ್ನು ಬಿಚ್ಚಿ, ಮಾಡನ್ನು ಬಿಸಿಲಿಗೆಂದು ಹಾಗೆಯೇ ಬಿಡುವುದು. ಸೋಗೆಯನ್ನು ಮರುವರ್ಷ ಬದಲಿಸುವುದು.