ಕೌಟುಂಬಿಕ ನ್ಯಾಯಾಲಯ

ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆಯಂಥ ವ್ಯಾಜ್ಯಗಳನ್ನು ವಿಚಾರಣೆ ಮಾಡುವ ನ್ಯಾಯಾಲಯ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಿಂದ ಹುಟ್ಟಿತು. ಬೆಂಗಳೂರಿನಲ್ಲಿ ಇದು ನ್ಯಾಯದೇಗುಲ ಕಟ್ಟಡದಲ್ಲಿದೆ. ಇಂಥ ಪ್ರತ್ಯೇಕ ನ್ಯಾಯಾಲಯವಿಲ್ಲದ ಊರುಗಳಲ್ಲಿ ಸಾಮಾನ್ಯ ಸಿವಿಲ್ ನ್ಯಾಯಾಲಯವೇ ಈ ಕೆಲಸ ಮಾಡುತ್ತದೆ.

ಅರ್ಜಿ ದಾಖಲಾಗಿ ಎದುರುದಾರರಿಗೆ ನೋಟಿಸ್ ಮುಟ್ಟಿದ ಮೇಲೆ ನ್ಯಾಯಾಧೀಶರ ಮೊದಲ ಕರ್ತವ್ಯ ರಾಜಿಗೆ ಯತ್ನಿಸುವುದು. ಇದಕ್ಕೆ ಆಪ್ತಸಮಾಲೋಚಕರ ನೆರವಿದೆ. ಕಾಯ್ದೆಯ ಪ್ರಕಾರ ಇಲ್ಲಿ ವಕೀಲರನ್ನಿಟ್ಟುಕೊಳ್ಳುವುದು ಹಕ್ಕಲ್ಲ, ಅನುಮತಿಯ ಮಾತು. ಆದರೂ ಕಪ್ಪು ಕೋಟಿಲ್ಲದ ವಿಚಾರಣೆ ಅಪರೂಪ! ಪಕ್ಷಗಾರರು ಕೇಳಿದರೆ ವಿಚಾರಣೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತದೆ.

1955ರ ಹಿಂದೂ ವಿವಾಹ ಕಾಯ್ದೆಯಡಿ ಇಬ್ಬರೂ ಒಪ್ಪಿ ಬಿಡುಗಡೆ ಬಯಸಿದರೆ, ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿಯ ಬಳಿಕ ಆರು ತಿಂಗಳು ಕಾಯಬೇಕು. ಬದುಕು ಮುರಿದುಬಿದ್ದ ದಂಪತಿಗೆ ಈ ಕಾಯುವಿಕೆ ಬರೀ ಸಂಕಟ. ಅಮರದೀಪ್ ಸಿಂಗ್ ಪ್ರಕರಣದಲ್ಲಿ (2017) ಸುಪ್ರೀಂ ಕೋರ್ಟು, ರಾಜಿಯ ಆಸೆಯೇ ಇಲ್ಲದಿದ್ದಾಗ ಈ ಅವಧಿಯನ್ನು ಮನ್ನಾ ಮಾಡಬಹುದೆಂದಿತು.

ಒಪ್ಪಿಗೆಯಿಲ್ಲದಿದ್ದರೆ ದಾರಿ ದೂರ. ಕ್ರೌರ್ಯ, ವ್ಯಭಿಚಾರ, ಎರಡು ವರ್ಷಗಳ ಪರಿತ್ಯಾಗ ಮುಂತಾದ ಕಾರಣವನ್ನು ಸಾಕ್ಷ್ಯದಿಂದ ರುಜುವಾತುಪಡಿಸಬೇಕು. ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ.

ನಿಜವಾದ ಜಗ್ಗಾಟ ಹಣದ್ದು. ಆದಾಯ ಮುಚ್ಚಿಡುವ ಚಾಳಿಗೆ ತಡೆಯೊಡ್ಡಲು ರಜನೇಶ್ ವಿರುದ್ಧ ನೇಹಾ ತೀರ್ಪು (2020) ಇಬ್ಬರೂ ಆಸ್ತಿ–ಹೊಣೆಗಳ ಪ್ರಮಾಣಪತ್ರ ಸಲ್ಲಿಸುವುದನ್ನು ಕಡ್ಡಾಯ ಮಾಡಿತು. ಮಕ್ಕಳ ವಿಷಯದಲ್ಲಿ ಅಪ್ಪ–ಅಮ್ಮನ ಹಕ್ಕಿಗಿಂತ ಮಗುವಿನ ಹಿತವೇ ಮೇಲು.

ತೀರ್ಪು ಒಪ್ಪದವರು 30 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಪರಸ್ಪರ ಒಪ್ಪಿಗೆಯ ಡಿಕ್ರಿಗೆ ಆ ಅವಕಾಶವಿಲ್ಲ.